ಕಲ್ಲಿನೊಳಗಿನ ವಿಕಿರಣ, ಪೈಪಿನ ಕೊನೆಯ ನೀರು



ವಿಕಿರಣ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಕೈಗಾ, ಚೆರ್ನೋಬಿಲ್, ಫುಕುಶಿಮಾ, ಇಲ್ಲವೇ ಆಸ್ಪತ್ರೆಯ ಎಕ್ಸ್‌ರೇ ಕೋಣೆ. ಇವತ್ತು ನಾನು ಮಾತಾಡುವುದು ಇವುಗಳಲ್ಲಿ ಯಾವುದರ ಬಗ್ಗೆಯೂ ಅಲ್ಲ. ಭೂಮಿ ಹುಟ್ಟಿದಾಗಿನಿಂದ ಕಲ್ಲಿನಲ್ಲಿ, ಮಣ್ಣಿನಲ್ಲಿ, ಕಡಲ ಮರಳಿನಲ್ಲಿ ಚೂರುಪಾರಾಗಿ ಹರಡಿಕೊಂಡಿರುವ ಯುರೇನಿಯಂ, ಥೋರಿಯಂ, ರೇಡಿಯಂಗಳನ್ನು ನಮ್ಮ ಕೈಗಾರಿಕೆಗಳು ಬೇರಾವುದೋ ಕೆಲಸ ಮಾಡುವಾಗ ಗೊತ್ತಿಲ್ಲದೆಯೇ ಮೇಲೆತ್ತಿ, ಒಂದೆಡೆ ಗುಡ್ಡೆ ಹಾಕಿ, ಆಮೇಲೆ ಎಲ್ಲೋ ಬಿಟ್ಟುಬಿಡುತ್ತವೆ. ನನ್ನ ವಿಷಯ ಅದು. ಇದರಲ್ಲಿ ಖಳನಾಯಕರಿಲ್ಲ, ಸ್ಫೋಟವಿಲ್ಲ, ಹಾಗಾಗಿ ಸುದ್ದಿಯೂ ಆಗುವುದಿಲ್ಲ. ನಿಸರ್ಗದ್ದೇ ತಾನೆ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ನನ್ನ ತಕರಾರು ಇರುವುದು ಅಲ್ಲಿಯೇ. ಕಲ್ಲಿನಲ್ಲಿ ಹರಡಿಕೊಂಡಿದ್ದಾಗ ಅದು ನಿಸರ್ಗದ್ದು, ನಿಜ. ನಾಲ್ಕು ಪಟ್ಟು ಗಟ್ಟಿಯಾಗಿ ನಮ್ಮ ಪೈಪಿನಿಂದ ಹೊರಬಿದ್ದಾಗ ಅದು ನಮ್ಮದು. ಆ ಪೈಪಿನ ಕೊನೆಯಲ್ಲಿ ಏನಿದೆ ಎಂದು ಅಳೆಯುವ ಹೊಣೆಯೂ ನಮ್ಮದೇ.

ಮೊದಲು ಕಲ್ಲಿನ ವಿಚಾರ. ಲಾಲ್‌ಬಾಗಿನ ಬಂಡೆಯನ್ನು ನೀವೆಲ್ಲ ಹತ್ತಿದ್ದೀರಿ. ಸುಮಾರು 300 ಕೋಟಿ ವರ್ಷ ಹಳೆಯದಾದ ಆ ನೈಸ್ ಶಿಲೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಬೆಂಗಳೂರಿನ ಬೆಳ್ಳಂದೂರಿನಲ್ಲಿ ನಾವೀಗ ಕೂತಿರುವ ಜಾಗದ ಕೆಳಗೂ ಇರುವುದು ಅದೇ ಜಾತಿಯ ಕಲ್ಲು. ಅದರ ನಡುವೆ ಸುಮಾರು 250 ಕೋಟಿ ವರ್ಷಗಳ ಹಿಂದೆ ಕರಗಿ ನುಗ್ಗಿ ಬಂದ ಗ್ರಾನೈಟುಗಳಿವೆ. ರಾಮನಗರದ ಬೆಟ್ಟಗಳು ಅವುಗಳಲ್ಲಿ ಪ್ರಸಿದ್ಧವಾದವು. ರಾಮನಗರದ ಹಳೆಯ ಹೆಸರಿನಿಂದಲೇ ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಕರಗಿದ ಶಿಲೆ ತಣ್ಣಗಾಗುವಾಗ ಮೊದಮೊದಲು ಹರಳುಗಟ್ಟುವ ಖನಿಜಗಳಲ್ಲಿ ಯುರೇನಿಯಂ ಮತ್ತು ಥೋರಿಯಂ ಪರಮಾಣುಗಳಿಗೆ ಜಾಗ ಸಿಗುವುದಿಲ್ಲ. ಅವು ಕೊನೆಯವರೆಗೂ ದ್ರವದಲ್ಲೇ ಉಳಿದು, ಕಡೆಗೆ ಗಟ್ಟಿಯಾಗುವ ಗ್ರಾನೈಟಿನಲ್ಲಿ ನೆಲೆಯಾಗುತ್ತವೆ. ಅದಕ್ಕೇ ಒಂದು ಟನ್ ಸಾಮಾನ್ಯ ಗ್ರಾನೈಟಿನಲ್ಲಿ ಮೂರರಿಂದ ಐದು ಗ್ರಾಂ ಯುರೇನಿಯಂ ಇದ್ದರೆ ಆಶ್ಚರ್ಯವಿಲ್ಲ. ಗಣಿ ತೋಡಲು ಅದು ಏನೇನೂ ಸಾಲದು, ನೀರಿನಲ್ಲಿ ಕರಗಿ ಬರಲು ಮಾತ್ರ ಧಾರಾಳವಾಗಿ ಸಾಕು.

ಯುರೇನಿಯಂ-238ರ ಅರ್ಧಾಯು ಸುಮಾರು 450 ಕೋಟಿ ವರ್ಷ. ಥೋರಿಯಂನದು 1400 ಕೋಟಿ ವರ್ಷ. ಅಂದರೆ ಭೂಮಿ ಹುಟ್ಟಿದಾಗ ಇದ್ದ ಯುರೇನಿಯಂನಲ್ಲಿ ಅರ್ಧ ಭಾಗ ಇನ್ನೂ ಹಾಗೇ ಇದೆ. ಅದು ಮೆಲ್ಲಗೆ ಸವೆಯುತ್ತಾ ರೇಡಿಯಂ ಆಗುತ್ತದೆ, ರೇಡಿಯಂ ಸವೆದು ರೇಡಾನ್ ಎಂಬ ಅನಿಲವಾಗುತ್ತದೆ, ರೇಡಾನ್ ನಾಲ್ಕು ದಿನಕ್ಕೂ ಮೊದಲೇ ಅರ್ಧವಾಗಿ ಪೊಲೋನಿಯಂ, ಬಿಸ್ಮತ್, ಸೀಸಗಳ ದಾರಿ ಹಿಡಿಯುತ್ತದೆ. ಈ ಸಂತತಿ ಪೂರ್ತಿಯಾಗಿ ಎಲ್ಲ ಕಲ್ಲಿನಲ್ಲೂ ಇದೆ. ಇದನ್ನು ಕೇಳಿ ಯಾರೂ ಹೆದರಬೇಕಾಗಿಲ್ಲ. ನಿಮ್ಮ ನನ್ನ ಮೈಯಲ್ಲಿರುವ ಪೊಟ್ಯಾಸಿಯಂನಿಂದಲೇ ಪ್ರತಿ ಸೆಕೆಂಡಿಗೆ ನಾಲ್ಕು ಸಾವಿರ ಪರಮಾಣುಗಳು ಸಿಡಿಯುತ್ತಿರುತ್ತವೆ. ಜಗತ್ತಿನ ಸರಾಸರಿ ಮನುಷ್ಯನಿಗೆ ನಿಸರ್ಗವೊಂದರಿಂದಲೇ ವರ್ಷಕ್ಕೆ 2.4 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ, ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ರೇಡಾನಿನ ಪಾಲು. ಮುಂದೆ ನಾನು ಕೊಡುವ ಲೆಕ್ಕಗಳನ್ನೆಲ್ಲ ಈ ಅಂಕಿಯ ಪಕ್ಕದಲ್ಲಿಟ್ಟು ನೋಡಿ.

ಈಗ ಬೆಳ್ಳಂದೂರಿಗೆ ಬರೋಣ. 2007ರವರೆಗೂ ಇದು ಗ್ರಾಮ ಪಂಚಾಯಿತಿ. ಮಹಾನಗರ ಪಾಲಿಕೆಗೆ ಸೇರಿದ 110 ಹಳ್ಳಿಗಳಲ್ಲಿ ಒಂದು. ಕೆರೆಯ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುತ್ತಿದ್ದ ಕಾಲದ ಜನ ಕುಡಿದದ್ದು ತೆರೆದ ಬಾವಿಯ ನೀರು. ಮೇಲಿನ ಮೆತ್ತನೆಯ, ಶಿಥಿಲವಾದ ಪದರದಲ್ಲಿ ಮಳೆಗೆ ತುಂಬಿ ಬೇಸಿಗೆಗೆ ಇಳಿಯುತ್ತಿದ್ದ ನೀರು ಅದು. ಔಟರ್ ರಿಂಗ್ ರೋಡು ಬಂತು, ಟೆಕ್ ಪಾರ್ಕುಗಳು ಬಂದವು, ಅಪಾರ್ಟ್‌ಮೆಂಟುಗಳು ಎದ್ದವು, ಕಾವೇರಿ ಮಾತ್ರ ಬರಲಿಲ್ಲ. ಈ 110 ಹಳ್ಳಿಗಳಿಗೆಂದೇ ಕೈಗೊಂಡ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ ವರ್ಷಗಳಲ್ಲಿ ಈ ಪ್ರದೇಶ ಬದುಕಿದ್ದು ಬೋರ್‌ವೆಲ್ ಮತ್ತು ಟ್ಯಾಂಕರ್ ಮೇಲೆ. ಇನ್ನೂರು ಅಡಿಗೆ ನೀರು ಸಿಗುತ್ತಿದ್ದುದು ಐನೂರಕ್ಕಿಳಿಯಿತು, ಸಾವಿರಕ್ಕಿಳಿಯಿತು, ಅದರಾಚೆಗೂ ಹೋಯಿತು.

ಅಷ್ಟು ಆಳದಲ್ಲಿ ನೀರು ಇರುವುದು ಕಲ್ಲಿನ ಬಿರುಕುಗಳಲ್ಲಿ. ಅಲ್ಲಿ ಅದು ಬಹಳ ಕಾಲ ಕಲ್ಲಿಗೆ ಮೈ ತಾಗಿಸಿಕೊಂಡೇ ನಿಂತಿರುತ್ತದೆ. ನೀರಿನಲ್ಲಿ ಆಮ್ಲಜನಕವೂ ಬೈಕಾರ್ಬೊನೇಟೂ ಇದ್ದರೆ ಯುರೇನಿಯಂ ಅವುಗಳ ಜೊತೆ ಸೇರಿ ಸುಲಭವಾಗಿ ಕರಗುತ್ತದೆ. ನಮ್ಮ ಬೋರ್‌ವೆಲ್ ನೀರಿನ ಗಡಸುತನ, ಕ್ಷಾರಗುಣ ನಿಮಗೆ ಗೊತ್ತೇ ಇದೆ. ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ಕರೆ ಅದರ ಗುರುತು. ಅಂತರ್ಜಲದ ಮಟ್ಟ ಕುಸಿಯುತ್ತಾ ಹೋದಂತೆ, ಮೊದಲು ಸದಾ ಮುಳುಗಿರುತ್ತಿದ್ದ ಬಿರುಕುಗಳಿಗೆ ಗಾಳಿ ನುಗ್ಗುತ್ತದೆ, ಕರಗುವಿಕೆ ಇನ್ನಷ್ಟು ಸಲೀಸಾಗುತ್ತದೆ. ಅಂದರೆ ಬೋರ್‌ವೆಲ್ ಕೂಡ ಬರಿಯ ಕೊಳವೆಯಲ್ಲ, ಈ ಸರಪಳಿಯಲ್ಲಿ ಅದೇ ಮೊದಲ ಯಂತ್ರ.

ಇದು ಊಹೆಯ ಮಾತಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರದ ವಿಜ್ಞಾನಿಗಳು ಮಂಗಳೂರು ವಿಶ್ವವಿದ್ಯಾಲಯದ ಪರಿಸರ ವಿಕಿರಣ ಸಂಶೋಧಕರ ಜೊತೆ ಸೇರಿ, ರಾಜ್ಯದ ಪೂರ್ವ ಭಾಗದ 73 ಹಳ್ಳಿಗಳ ಅಂತರ್ಜಲವನ್ನು ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. 57 ಹಳ್ಳಿಗಳ ನೀರು ಅದನ್ನು ದಾಟಿತ್ತು. ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿಯ ಮಿತಿ 60 ಮೈಕ್ರೋಗ್ರಾಂ. 48 ಹಳ್ಳಿಗಳು ಅದನ್ನೂ ದಾಟಿದ್ದವು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಈಗ ಇಟ್ಟಿರುವ ಮಿತಿಯೂ 30. ಬೆಂಗಳೂರು ನಗರದ ಬೋರ್‌ವೆಲ್ ನೀರಿನಲ್ಲಿ ರೇಡಾನ್ ಎಷ್ಟಿದೆ ಎಂದು ಸಂಶೋಧಕರು ಹಿಂದಿನಿಂದಲೂ ಅಳೆಯುತ್ತಾ ಬಂದಿದ್ದಾರೆ. ಈ ಕೆಲಸ ಮಾಡಿದವರಿಗೆ ನಾವು ಋಣಿಗಳು. ನಲ್ಲಿಯ ನೀರು ತಿಳಿಯಾಗಿದೆ, ವಾಸನೆಯಿಲ್ಲ, ರುಚಿಯಲ್ಲಿ ಹೆಚ್ಚುಕಡಿಮೆಯಿಲ್ಲ ಎಂದು ಎಲ್ಲರೂ ನಿಶ್ಚಿಂತೆಯಿಂದಿದ್ದಾಗ ಬಾಟಲಿ ಹಿಡಿದು ಹಳ್ಳಿ ಸುತ್ತಿದವರು ಅವರು.

ಮಿತಿ ಎಂದರೆ ಏನೆಂದು ಒಂದಿಷ್ಟು ಬಿಡಿಸಿ ಹೇಳುತ್ತೇನೆ, ಏಕೆಂದರೆ ಪತ್ರಿಕೆಯ ತಲೆಬರಹ ನೋಡಿ ಗಾಬರಿಯಾಗುವವರಿದ್ದಾರೆ. ಲೀಟರಿಗೆ 60 ಮೈಕ್ರೋಗ್ರಾಂ ಯುರೇನಿಯಂ ಇರುವ ನೀರನ್ನು ದಿನಕ್ಕೆ ಎರಡು ಲೀಟರಿನಂತೆ ವರ್ಷವಿಡೀ ಕುಡಿದರೆ ಅದರಿಂದ ತಗಲುವ ವಿಕಿರಣ ಸುಮಾರು 0.05 ಮಿಲಿಸೀವರ್ಟ್. ಆಗಲೇ ಹೇಳಿದ 2.4ರ ಪಕ್ಕದಲ್ಲಿ ಅದು ಸಣ್ಣದು. ಹಾಗಾದರೆ ಚಿಂತೆ ಯಾಕೆ? ಯುರೇನಿಯಂ ವಿಕಿರಣಶೀಲವಾಗಿರುವುದರ ಜೊತೆಗೆ ಸೀಸದಂತೆ ಒಂದು ಭಾರಲೋಹವೂ ಹೌದು. ಕುಡಿದದ್ದರಲ್ಲಿ ಸ್ವಲ್ಪ ಭಾಗ ರಕ್ತಕ್ಕೆ ಸೇರಿ ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ಹೋಗುವ ದಾರಿಯಲ್ಲಿ ಅಲ್ಲಿನ ಸೂಕ್ಷ್ಮ ನಾಳಗಳಿಗೆ ಪೆಟ್ಟು ಕೊಡಬಲ್ಲದು. 30 ಎಂಬ ಮಿತಿ ಇಟ್ಟಿರುವುದು ಆ ರಾಸಾಯನಿಕ ಕಾರಣಕ್ಕೆ. ಆ ನೀರಿನಲ್ಲಿ ಸ್ನಾನ ಮಾಡಬಹುದು, ಬಟ್ಟೆ ಒಗೆಯಬಹುದು. ಚರ್ಮದ ಮೂಲಕ ಅದು ಒಳಗೆ ಹೋಗುವುದು ತೀರಾ ಕಡಿಮೆ. ಕುಡಿಯುವುದು ಮತ್ತು ಅಡುಗೆ, ಇವೆರಡೇ ಮುಖ್ಯ. ಕುದಿಸಿ ಕುಡಿಯುತ್ತೇವೆ ಎನ್ನುವ ಅಜ್ಜಿಯರು ಇಲ್ಲಿದ್ದರೆ ಅವರಿಗೊಂದು ಮಾತು: ಕುದಿಸಿದರೆ ಕ್ರಿಮಿ ಸಾಯುತ್ತದೆ, ಯುರೇನಿಯಂ ಹೋಗುವುದಿಲ್ಲ. ಸಾರು ಬತ್ತಿದಷ್ಟೂ ಉಪ್ಪು ಎದ್ದು ಕಾಣುವಂತೆ, ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ.

ಈ ಬತ್ತಿಸುವ ಕೆಲಸವನ್ನೇ ನಮ್ಮ ಸುತ್ತಲಿನ ಯಂತ್ರಗಳು ಹಗಲಿರುಳು ಮಾಡುತ್ತಿವೆ.

ನಿಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಒಮ್ಮೆ ಇಳಿದು ನೋಡಿ. ಕಾರುಗಳ ಸಾಲು ದಾಟಿದ ಮೇಲೆ ಒಂದು ಮೂಲೆಯಲ್ಲಿ ಕಬ್ಬಿಣದ ಬಾಗಿಲು, ಒಳಗೆ ಮೋಟಾರಿನ ಸದ್ದು. ನೀಲಿ ಮತ್ತು ಬೂದು ಬಣ್ಣದ ಉದ್ದನೆಯ ಸಿಲಿಂಡರುಗಳು: ಒಂದರಲ್ಲಿ ಮರಳು, ಒಂದರಲ್ಲಿ ಇದ್ದಿಲು, ಒಂದರಲ್ಲಿ ಗಡಸು ಇಳಿಸುವ ರೆಸಿನ್ ಕಾಳು. ಪಕ್ಕದಲ್ಲಿ ಉಪ್ಪಿನ ಚೀಲಗಳು. ಕುಡಿಯುವ ನೀರಿಗೆಂದು ದೊಡ್ಡ ಆರ್‌ಒ (ಪೊರೆಯ ಮೂಲಕ ಒತ್ತಿ ನೀರು ಸೋಸುವ ಯಂತ್ರ) ಇದ್ದರೆ ಅಡ್ಡಡ್ಡಲಾಗಿ ಜೋಡಿಸಿದ ಬಿಳಿ ಕೊಳವೆಗಳು, ಅವುಗಳಿಂದ ಹೊರಡುವ ಎರಡು ಪೈಪು. ಒಂದು ಶುದ್ಧ ನೀರಿನ ಟ್ಯಾಂಕಿಗೆ. ಇನ್ನೊಂದು ರಿಜೆಕ್ಟ್, ಅದು ನೇರ ಮೋರಿಗೆ ಅಥವಾ ಎಸ್‌ಟಿಪಿಗೆ, ಅಂದರೆ ಕೊಳಚೆ ನೀರು ಸಂಸ್ಕರಿಸುವ ಘಟಕಕ್ಕೆ. ಆಪರೇಟರ್ ಹುಡುಗ ಲಾಗ್‌ಬುಕ್ಕಿನಲ್ಲಿ ಗಂಟೆಗೊಮ್ಮೆ ಒತ್ತಡ, ಹರಿವು, ಟಿಡಿಎಸ್ (ಕರಗಿದ ಲವಣಗಳ ಒಟ್ಟು ಪ್ರಮಾಣ) ಬರೆದಿಡುತ್ತಾನೆ. ಬರೆಯುವುದು ಮೊದಲ ಪೈಪಿನದು. ಎರಡನೆಯದನ್ನು ಯಾರೂ ಕೇಳುವುದಿಲ್ಲ.

ಆ ಎರಡನೆಯದರ ಲೆಕ್ಕ ಹಾಕೋಣ. ಲೀಟರಿಗೆ 60 ಮೈಕ್ರೋಗ್ರಾಂ ಇರುವ ನೂರು ಲೀಟರ್ ನೀರು ಒಳಗೆ ಹೋಯಿತೆನ್ನಿ. ಒಟ್ಟು 6000 ಮೈಕ್ರೋಗ್ರಾಂ. ಚೆನ್ನಾಗಿ ನಡೆಯುವ ಆರ್‌ಒ ಪೊರೆ ಯುರೇನಿಯಂನ ನೂರಕ್ಕೆ ತೊಂಬತ್ತೈದು ಭಾಗವನ್ನು ತಡೆಯಬಲ್ಲದು. 75 ಲೀಟರ್ ಶುದ್ಧ ನೀರು ಬಂತು, ಅದರಲ್ಲಿ ಲೀಟರಿಗೆ ಮೂರು ಮೈಕ್ರೋಗ್ರಾಂ, ಕುಡಿಯಲು ಸುರಕ್ಷಿತ. ಉಳಿದ 25 ಲೀಟರಿನಲ್ಲಿ ಲೀಟರಿಗೆ 230ರ ಆಸುಪಾಸು. ಯುರೇನಿಯಂನ ಒಂದು ಕಣವೂ ಮಾಯವಾಗಿಲ್ಲ. ಶುದ್ಧ ಮಾಡಿದ್ದೇವೆ ಎಂದು ನಾವು ಹೇಳುವಾಗ ನಿಜವಾಗಿ ನಡೆದದ್ದು ಹಂಚಿಕೆ: ಒಳ್ಳೆಯ ನೀರು ಮೇಲಿನ ಮಹಡಿಗೆ, ನಾಲ್ಕು ಪಟ್ಟು ಗಟ್ಟಿಯಾದದ್ದು ಕೆಳಗಿನ ಮೋರಿಗೆ. ಅಡುಗೆಮನೆಯ ಸಣ್ಣ ಆರ್‌ಒಗಳಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ಪೋಲಾಗುವುದರಿಂದ ಅಲ್ಲಿ ರಿಜೆಕ್ಟ್ ಇಷ್ಟು ಗಟ್ಟಿಯಾಗುವುದಿಲ್ಲ. ಆ ನೀರಿನಲ್ಲಿ ನೆಲ ಒರೆಸುವುದಕ್ಕೆ ನನ್ನ ಆಕ್ಷೇಪವಿಲ್ಲ. ಬಾಲ್ಕನಿಯ ಸೊಪ್ಪಿನ ಕುಂಡಕ್ಕೆ ವರ್ಷಗಟ್ಟಲೆ ಅದನ್ನೇ ಹಾಕುವುದು ಬೇಡ ಎನ್ನುತ್ತೇನೆ.

ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಇದು ಇನ್ನೂ ಗಂಭೀರ. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆ ನಾಣ್ಯ ಹಾಕಿದರೆ ಕ್ಯಾನು ತುಂಬುವ ಘಟಕಗಳನ್ನು ಸರ್ಕಾರ ಫ್ಲೋರೈಡ್ ಕಾಟಕ್ಕೆಂದು ಇಟ್ಟಿತು. ಅದರ ಜೊತೆಗೆ ಯುರೇನಿಯಂ ಕೂಡ ಸೋಸಿಹೋಗುವುದು ಜನರಿಗೆ ಒಳ್ಳೆಯದೇ ಆಯಿತು. ಆದರೆ ಘಟಕದ ಹಿಂದುಗಡೆ ಕೊಳವೆಯಿಂದ ಸುರಿಯುವ ರಿಜೆಕ್ಟ್ ನೀರು ಅಲ್ಲೇ ತಗ್ಗಿನಲ್ಲಿ ನಿಂತು, ದನಕರು ಕುಡಿದು, ಮತ್ತೆ ನೆಲಕ್ಕಿಂಗಿ, ಅದೇ ಬೋರ್‌ವೆಲ್ಲಿನ ಹತ್ತಿರಕ್ಕೆ ಮರಳಬಹುದು. ಎಲ್ಲಿಂದ ತೆಗೆದೆವೋ ಅಲ್ಲಿಗೇ, ಹಿಂದಿಗಿಂತ ಗಟ್ಟಿಯಾಗಿ.

ಟಿಡಿಎಸ್ ಮೀಟರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಪೆನ್ನಿನಂಥ ಆ ಉಪಕರಣವನ್ನು ಈಗ ಪ್ರತಿ ಮನೆಯಲ್ಲೂ ಕಾಣುತ್ತೇವೆ. ನೀರಿಗೆ ಅದ್ದಿದರೆ 500 ಎಂದು ತೋರಿಸುತ್ತದೆ, ಅಂದರೆ ಲೀಟರಿಗೆ 500 ಮಿಲಿಗ್ರಾಂ ಲವಣ. ಮೈಕ್ರೋಗ್ರಾಂ ಲೆಕ್ಕದಲ್ಲಿ ಅದು ಐದು ಲಕ್ಷ. ಆ ಐದು ಲಕ್ಷದಲ್ಲಿ 60 ಯುರೇನಿಯಂ ಇದ್ದರೂ ಇಲ್ಲದಿದ್ದರೂ ಮೀಟರಿಗೆ ತಿಳಿಯುವುದಿಲ್ಲ. ಟ್ಯಾಂಕರಿನವರು ಮೀಟರ್ ಅದ್ದಿ ತೋರಿಸಿ, ನೋಡಿ ಸಾರ್ ಒಳ್ಳೆ ನೀರು ಎಂದಾಗ ಅವರು ಸುಳ್ಳು ಹೇಳುತ್ತಿಲ್ಲ. ಆ ಪ್ರಶ್ನೆಗೆ ಆ ಉಪಕರಣ ಉತ್ತರ ಕೊಡಲಾರದು, ಅಷ್ಟೆ. ಯುರೇನಿಯಂ ಅಳೆಯಲು ಫ್ಲೋರಿಮೀಟರ್ ಬೇಕು, ಅಥವಾ ಐಸಿಪಿ-ಎಂಎಸ್ ಎಂಬ ಉಪಕರಣ ಇರುವ ಪ್ರಯೋಗಾಲಯ ಬೇಕು. ನಮ್ಮ ದೇಶದಲ್ಲೇ ತಯಾರಾಗುವ ಫ್ಲೋರಿಮೀಟರುಗಳಿವೆ. ನೇರಳಾತೀತ ಬೆಳಕು ಬಿಟ್ಟಾಗ ಯುರೇನಿಯಂ ಹಸಿರಾಗಿ ಹೊಳೆಯುವ ಗುಣವನ್ನೇ ಅವು ಅಳೆಯುತ್ತವೆ. ವಿಶ್ವವಿದ್ಯಾಲಯಗಳು ಜಿಲ್ಲೆಗಳನ್ನು ಹಂಚಿಕೊಂಡು ದೇಶದ ನೀರಿನ ಯುರೇನಿಯಂ ನಕ್ಷೆ ಮಾಡಲು ಹೊರಟದ್ದು ಇಂಥ ಉಪಕರಣಗಳ ಬಲದಿಂದಲೇ.

ಟೆಕ್ ಪಾರ್ಕುಗಳ ಛಾವಣಿಯ ಮೇಲಿರುವ ಕೂಲಿಂಗ್ ಟವರ್ ಇನ್ನೊಂದು ಬತ್ತಿಸುವ ಯಂತ್ರ. ಸಾವಿರಾರು ಜನ ಕೂರುವ ಕಟ್ಟಡದ ಎಸಿ ಹೊರಗೆ ಹಾಕುವ ಶಾಖವನ್ನೆಲ್ಲ ಅಲ್ಲಿ ನೀರು ಆವಿಯಾಗಿ ಹೊತ್ತೊಯ್ಯುತ್ತದೆ. ಆವಿಯಲ್ಲಿ ಲವಣ ಹೋಗುವುದಿಲ್ಲ. ಆದ್ದರಿಂದ ತೊಟ್ಟಿಯ ನೀರು ದಿನವಿಡೀ ಗಟ್ಟಿಯಾಗುತ್ತದೆ. ನಾಲ್ಕೈದು ಪಟ್ಟು ಗಟ್ಟಿಯಾದ ಮೇಲೆ ಸ್ವಲ್ಪ ಭಾಗವನ್ನು ಹೊರಬಿಡುತ್ತಾರೆ, ಅದಕ್ಕೆ ಬ್ಲೋಡೌನ್ ಎನ್ನುತ್ತಾರೆ. ಒಳಬಂದದ್ದು ಬೋರ್‌ವೆಲ್ ನೀರಾದರೆ ಅದರ ಯುರೇನಿಯಂ ಕೂಡ ಅಷ್ಟೇ ಪಟ್ಟು ಗಟ್ಟಿಯಾಗಿ ಹೊರಬೀಳುತ್ತದೆ. ಪೈಪಿನ ಒಳಗೋಡೆಗೆ ಸುಣ್ಣದಂತೆ ಕಟ್ಟುವ ಸ್ಕೇಲಿನಲ್ಲಿ ರೇಡಿಯಂ ಸೇರಿಕೊಳ್ಳಬಲ್ಲದು, ಏಕೆಂದರೆ ರಸಾಯನಶಾಸ್ತ್ರದಲ್ಲಿ ಅದು ಕ್ಯಾಲ್ಸಿಯಂ, ಬೇರಿಯಂಗಳ ದಾಯಾದಿ. ಕಡಲಿನ ನಡುವಿನ ತೈಲಬಾವಿಗಳ ಪೈಪುಗಳಲ್ಲಿ ಹೀಗೆ ಕಟ್ಟಿದ ಸ್ಕೇಲನ್ನು ವಿಕಿರಣಶೀಲ ತ್ಯಾಜ್ಯವೆಂದೇ ಪರಿಗಣಿಸಿ ಬೇರೆಯಾಗಿ ಸಂಗ್ರಹಿಸಬೇಕಾಗಿ ಬಂದದ್ದುಂಟು. ನಮ್ಮ ಕೂಲಿಂಗ್ ಟವರಿನ ಸ್ಕೇಲ್ ಆ ಮಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಎಸೆಯುವ ಮೊದಲು ಒಂದು ಚೂರನ್ನು ಅಳೆಸಿ ಎನ್ನುತ್ತಿದ್ದೇನೆ.

ಬೇಸ್‌ಮೆಂಟಿನ ಆ ಆಪರೇಟರ್ ಹುಡುಗನನ್ನು ಮತ್ತೆ ನೆನೆಯೋಣ. ಆಳದ ಬೋರ್‌ವೆಲ್ ನೀರಿನಲ್ಲಿ ಕರಗಿರುವ ರೇಡಾನ್ ಅನಿಲ, ನೀರು ಸಂಪ್ ತೊಟ್ಟಿಗೆ ಧುಮುಕುವಾಗ ಗಾಳಿಗೆ ಬಿಡುಗಡೆಯಾಗುತ್ತದೆ. ಮೇಲಿನ ಮಹಡಿಗೆ ಬರುವಷ್ಟರಲ್ಲಿ ಹೆಚ್ಚಿನದು ಹೋಗಿರುತ್ತದೆ, ಅದು ನಿವಾಸಿಗಳಿಗೆ ಒಳ್ಳೆಯದು. ಆದರೆ ಹೋದದ್ದು ಎಲ್ಲಿಗೆ? ಗಾಳಿಯಾಡದ ಬೇಸ್‌ಮೆಂಟಿಗೆ, ಅಲ್ಲಿ ಹನ್ನೆರಡು ಗಂಟೆ ಪಾಳಿ ಮಾಡುವವನ ಉಸಿರಿಗೆ. ಒಡಿಶಾದಿಂದಲೋ ಬಿಹಾರದಿಂದಲೋ ರಾಯಚೂರಿನಿಂದಲೋ ಬಂದು ಆ ಕೋಣೆಯಲ್ಲೇ ಮಂಚ ಹಾಕಿಕೊಂಡಿರುವವರೂ ಉಂಟು. ರೇಡಾನ್ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂಬುದು ಗಣಿ ಕಾರ್ಮಿಕರ ಅಧ್ಯಯನಗಳಿಂದ ಚೆನ್ನಾಗಿ ಗೊತ್ತಾಗಿರುವ ಸಂಗತಿ. ಯುರೋಪಿನ ಒಕ್ಕೂಟ 2013ರಲ್ಲಿ ಹೊರಡಿಸಿದ ನಿರ್ದೇಶನದಲ್ಲಿ, ನೈಸರ್ಗಿಕ ವಿಕಿರಣಶೀಲ ವಸ್ತುಗಳ ಬಗ್ಗೆ ಗಮನವಿಡಬೇಕಾದ ಉದ್ಯಮಗಳ ಪಟ್ಟಿಯಿದೆ. ಮೊನಜೈಟ್ ಎಂಬ ಖನಿಜದಿಂದ ಅಪರೂಪದ ಲೋಹ ತೆಗೆಯುವುದು, ತೈಲ, ರಸಗೊಬ್ಬರ, ಕಲ್ಲಿದ್ದಲು ವಿದ್ಯುತ್ತು, ಸಿಮೆಂಟು ಇವುಗಳ ಜೊತೆಗೆ ಅಂತರ್ಜಲ ಸೋಸುವ ಘಟಕಗಳ ಹೆಸರೂ ಅದರಲ್ಲಿದೆ. ನಮ್ಮಲ್ಲಿ ಇದಕ್ಕೆ ಬೇಕಾಗುವುದು ದೊಡ್ಡ ಕಾನೂನೇನಲ್ಲ. ಸದಾ ಓಡುವ ಒಂದು ಎಕ್ಸಾಸ್ಟ್ ಫ್ಯಾನು, ಮಲಗಲು ಬೇರೆ ಕೋಣೆ. ಈ ಎರಡನ್ನು ಕೊಡಲಾಗದಷ್ಟು ಬಡತನ ಔಟರ್ ರಿಂಗ್ ರೋಡಿನಲ್ಲಿ ಯಾವ ನಿವಾಸಿಗಳ ಸಂಘಕ್ಕೂ ಇಲ್ಲ.

ಇನ್ನು ಊರಿನ ಆ ಕಡೆಗೆ, ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ. ಅಲ್ಲಿನ ಸಾವಿರಾರು ಸಣ್ಣ ಘಟಕಗಳಲ್ಲಿ ಆರ್ಗನ್ ವೆಲ್ಡಿಂಗ್ ಮಾಡುವವರನ್ನು ಮಾತಾಡಿಸಿದರೆ ಕೆಂಪು ತುದಿಯ ಟಂಗ್‌ಸ್ಟನ್ ರಾಡ್ ತೋರಿಸುತ್ತಾರೆ. ಆರಿಂಚು ಉದ್ದ, ಪೆನ್ಸಿಲ್ ಸೀಸಕ್ಕಿಂತ ಸ್ವಲ್ಪ ದಪ್ಪ. ಕೆಂಪು ಬಣ್ಣವಿದ್ದರೆ ಅದರಲ್ಲಿ ನೂರಕ್ಕೆ ಎರಡರಷ್ಟು ಥೋರಿಯಂ ಆಕ್ಸೈಡ್ ಇದೆ ಎಂದರ್ಥ. ಕಡಲ ಮರಳಿನ ಮೊನಜೈಟಿನಂಥ ಖನಿಜದಿಂದ ಬಂದ ಥೋರಿಯಂ. ಅದು ಇದ್ದರೆ ಕಿಡಿ ಬೇಗ ಹತ್ತುತ್ತದೆ, ಜ್ವಾಲೆ ಅಲುಗಾಡುವುದಿಲ್ಲ, ತುದಿ ಬೇಗ ಸವೆಯುವುದಿಲ್ಲ, ಆದ್ದರಿಂದ ವೆಲ್ಡರುಗಳಿಗೆ ಅಚ್ಚುಮೆಚ್ಚು. 2.4 ಮಿಲಿಮೀಟರ್ ದಪ್ಪದ ಒಂದು ರಾಡಿನ ತೂಕ ಸುಮಾರು 13 ಗ್ರಾಂ, ಅದರಲ್ಲಿ ಕಾಲು ಗ್ರಾಂ ಥೋರಿಯಂ ಆಕ್ಸೈಡ್. ಗ್ರಾಮಿಗೆ ಸುಮಾರು 70 ಬೆಕೆರೆಲ್ ಆಯಿತು (ಸೆಕೆಂಡಿಗೆ ಒಂದು ಪರಮಾಣು ಸಿಡಿದರೆ ಒಂದು ಬೆಕೆರೆಲ್). ನೈಸರ್ಗಿಕ ಯುರೇನಿಯಂ, ಥೋರಿಯಂ ಇರುವ ವಸ್ತುಗಳ ವಿಚಾರದಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಗಮನ ಕೊಡಬೇಕಾದ ಗೆರೆಯೆಂದು ಇಟ್ಟಿರುವುದು ಗ್ರಾಮಿಗೆ ಒಂದು ಬೆಕೆರೆಲ್. ಡಬ್ಬಿಯಲ್ಲಿ ಬಿದ್ದಿರುವ ರಾಡಿನಿಂದ ಏನೂ ಆಗುವುದಿಲ್ಲ. ಅದರ ಆಲ್ಫಾ ಕಣಗಳು ಕಾಗದದ ಹಾಳೆಯನ್ನೂ ದಾಟಲಾರವು. ತೊಂದರೆಯಿರುವುದು ಚೂಪು ಮಾಡುವಾಗ. ಗ್ರೈಂಡಿಂಗ್ ಚಕ್ರಕ್ಕೆ ರಾಡ್ ಒತ್ತಿದಾಗ ಏಳುವ ಬೂದು ಧೂಳು ಮೂಗಿನೊಳಗೆ ಹೋಗಿ ಶ್ವಾಸಕೋಶದಲ್ಲಿ ಕೂತರೆ, ಕಾಗದ ದಾಟಲಾರದ ಅದೇ ಕಣಗಳಿಗೆ ಅಲ್ಲಿ ಅಡ್ಡವಾಗಿ ಏನೂ ಇರುವುದಿಲ್ಲ. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು, ದಿನಕ್ಕೆ ಹಲವು ಸಲ ಈ ಕೆಲಸ ಮಾಡುವ ಹುಡುಗರಿಗೆ ಆ ಕೆಂಪು ಬಣ್ಣದ ಅರ್ಥವನ್ನು ಹೇಳಿಕೊಟ್ಟವರಿಲ್ಲ. ಪರಿಹಾರ ಅಂಗಡಿಯಲ್ಲೇ ಇದೆ: ಲ್ಯಾಂಥನಂ ಬೆರೆಸಿದ ಚಿನ್ನದ ಬಣ್ಣದ ಅಥವಾ ನೀಲಿ ತುದಿಯ ರಾಡ್, ಸೀರಿಯಂ ಬೆರೆಸಿದ ಬೂದು ತುದಿಯ ರಾಡ್. ವಿಕಿರಣದ ಗೋಜಿಲ್ಲದೆ ಕೆಲಸ ಆಗುತ್ತದೆ. ಇಲ್ಲಿ ಪೀಣ್ಯದಲ್ಲಿ ಘಟಕ ನಡೆಸುವವರು ಯಾರಾದರೂ ಇದ್ದರೆ, ಮುಂದಿನ ಡಬ್ಬಿ ತರಿಸುವಾಗ ತುದಿಯ ಬಣ್ಣ ನೋಡಿ ತರಿಸಿ ಎಂದು ಕೈಮುಗಿದು ಕೇಳುತ್ತೇನೆ.

ಹಾರುಬೂದಿಯ ಬಗ್ಗೆ ಕೇಳುವವರಿದ್ದಾರೆ, ಆದ್ದರಿಂದ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ರಾಯಚೂರಿನ ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ ಕಲ್ಲಿದ್ದಲು ಉರಿದಾಗ ಇಂಗಾಲ ಹೋಗಿ ಬೂದಿ ಉಳಿಯುತ್ತದೆ, ಕಲ್ಲಿದ್ದಲಿನಲ್ಲಿದ್ದ ಯುರೇನಿಯಂ, ಥೋರಿಯಂ ಬೂದಿಯಲ್ಲಿ ಸೇರುತ್ತವೆ. ನೂರಕ್ಕೆ ಹತ್ತು ಭಾಗ ಮಾತ್ರ ಬೂದಿಯಿರುವ ವಿದೇಶಿ ಕಲ್ಲಿದ್ದಲಾದರೆ ಅವು ಹತ್ತು ಪಟ್ಟು ಗಟ್ಟಿಯಾಗುತ್ತವೆ. ನಮ್ಮ ಕಲ್ಲಿದ್ದಲಿನಲ್ಲಿ ಬೂದಿಯೇ ನೂರಕ್ಕೆ 35, 40ರಷ್ಟು ಇರುವುದರಿಂದ ಗಟ್ಟಿಯಾಗುವುದು ಎರಡು ಮೂರು ಪಟ್ಟು ಮಾತ್ರ. ಆ ಬೂದಿ ಸಿಮೆಂಟಿನಲ್ಲಿ, ಇಟ್ಟಿಗೆಯಲ್ಲಿ ಸೇರಿ ನಮ್ಮ ಗೋಡೆಯಾಗುತ್ತದೆ. ಕಿಟಕಿ ತೆರೆದಿಡುವ ನಮ್ಮ ಹವೆಯಲ್ಲಿ ಇದು ನನಗೆ ಅಷ್ಟು ದೊಡ್ಡ ಚಿಂತೆಯಾಗಿ ಕಾಣುವುದಿಲ್ಲ. ರಸಗೊಬ್ಬರ ಕಾರ್ಖಾನೆಗಳಲ್ಲಿ ಉಳಿಯುವ ಫಾಸ್ಫೋಜಿಪ್ಸಂ ವಿಷಯದಲ್ಲಿ ಅಣುಶಕ್ತಿ ನಿಯಂತ್ರಣ ಮಂಡಳಿ ಗೆರೆ ಎಳೆದಿದೆ: ಅದರ ರೇಡಿಯಂ ಗ್ರಾಮಿಗೆ ಒಂದು ಬೆಕೆರೆಲ್ ಮೀರಿದ್ದರೆ ಅನುಮತಿಯಿಲ್ಲದೆ ಕಟ್ಟಡ ಸಾಮಗ್ರಿಗೆ ಮಾರುವಂತಿಲ್ಲ. ಇದು ಒಳ್ಳೆಯ ನಿಯಮ. ಇಂಥದೇ ಒಂದು ಗೆರೆ ಆರ್‌ಒ ರಿಜೆಕ್ಟ್ ನೀರಿಗೆ, ಹಳೆಯ ರೆಸಿನ್ ಮತ್ತು ಪೊರೆಗಳಿಗೆ ಏಕಿರಬಾರದು?

ನಮ್ಮ ಪ್ರದೇಶ ಬದುಕುವುದು ಐಟಿಯಿಂದ. ಫೋನಿನ ಸ್ಪೀಕರಿನಲ್ಲಿ, ಹಾರ್ಡ್ ಡಿಸ್ಕಿನಲ್ಲಿ, ಈಗ ಎಲೆಕ್ಟ್ರಿಕ್ ಸ್ಕೂಟರಿನ ಮೋಟಾರಿನಲ್ಲಿ ನಿಯೋಡೈಮಿಯಂ ಅಯಸ್ಕಾಂತವಿದೆ. ಆ ಲೋಹ ಸಿಗುವ ಖನಿಜಗಳಲ್ಲಿ ಮೊನಜೈಟ್ ಒಂದು. ನಮ್ಮ ಉಳ್ಳಾಲ, ಸೋಮೇಶ್ವರದ ಕಡಲ ಮರಳಿನಲ್ಲೂ ಅದು ಇದೆ, ಅಲ್ಲಿನ ಹಿನ್ನೆಲೆ ವಿಕಿರಣ ಹೆಚ್ಚಿರುವುದನ್ನು ಮಂಗಳೂರು ವಿಶ್ವವಿದ್ಯಾಲಯದವರು ದಾಖಲಿಸಿದ್ದಾರೆ. ಲೋಹ ತೆಗೆದ ಮೇಲೆ ಥೋರಿಯಂ ಹಿಂದೆ ಉಳಿಯುತ್ತದೆ. ಮಲೇಷ್ಯಾದ ಬುಕಿತ್ ಮೇರಾ ಎಂಬ ಊರಿನಲ್ಲಿ 1982ರಲ್ಲಿ ಶುರುವಾದ ಇಂಥ ಕಾರ್ಖಾನೆಯ ವಿರುದ್ಧ ಊರಿನವರೇ ನ್ಯಾಯಾಲಯಕ್ಕೆ ಹೋದರು. 1994ರಲ್ಲಿ ಅದು ಮುಚ್ಚಿತು. ಅದರ ಥೋರಿಯಂ ಕಸವನ್ನು ಬೆಟ್ಟದಲ್ಲಿ ಹೂಳುವ ಕೆಲಸ ಆಮೇಲೂ ವರ್ಷಗಟ್ಟಲೆ ನಡೆಯಿತು. ನಾವು ಇಲ್ಲಿ ಕೂತು ಬಳಸುವ ವಸ್ತುವಿನ ರಿಜೆಕ್ಟ್ ಪೈಪು ಹಲವು ಸಲ ಬೇರೆ ಯಾರದೋ ಊರಿನಲ್ಲಿ ತೆರೆದುಕೊಳ್ಳುತ್ತದೆ.

ನಮ್ಮ ನೀರಿನದ್ದೂ ಹಾಗೆಯೇ. ಬೆಳ್ಳಂದೂರು ಕೆರೆಯ ಕೋಡಿ ನೀರು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ, ಹೊಸೂರಿನ ಹತ್ತಿರದ ಕೆಲವರಪಳ್ಳಿ ಜಲಾಶಯಕ್ಕೆ ಹೋಗುತ್ತದೆ. 2018ರಿಂದ ಇನ್ನೊಂದು ದಾರಿಯೂ ಆಗಿದೆ. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಈ ಭಾಗದ ಸಂಸ್ಕರಿಸಿದ ನೀರನ್ನು ದಿನಕ್ಕೆ 44 ಕೋಟಿ ಲೀಟರಿನ ಗುರಿಯಿಟ್ಟು ಕೋಲಾರ ಜಿಲ್ಲೆ ಮತ್ತು ಚಿಂತಾಮಣಿ ಕಡೆಯ 126 ಕೆರೆಗಳಿಗೆ ಪಂಪ್ ಮಾಡಲು ಹೊರಟರು. ಬತ್ತಿದ ಕೆರೆಗಳು ತುಂಬಿದ್ದನ್ನು ನೋಡಿ ಕೋಲಾರದ ರೈತರು ಸಂತೋಷಪಟ್ಟದ್ದು ನಿಜ, ಆ ಸಂತೋಷವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಸಾಮಾನ್ಯ ಎಸ್‌ಟಿಪಿ ಯುರೇನಿಯಂ ತೆಗೆಯಲೆಂದು ಕಟ್ಟಿದ್ದಲ್ಲ. ಅಲ್ಲಿಗೆ ಸೇರಿದ ಆರ್‌ಒ ರಿಜೆಕ್ಟ್, ಬ್ಲೋಡೌನ್‌ಗಳ ಯುರೇನಿಯಂನಲ್ಲಿ ಒಂದಷ್ಟು ಕೆಸರಿಗೆ ಅಂಟುತ್ತದೆ, ಉಳಿದದ್ದು ನೀರಿನ ಜೊತೆ ಹೋಗುತ್ತದೆ. ಕಾವೇರಿ ನೀರಿನ ಪಾಲು ಹೆಚ್ಚಿರುವಲ್ಲಿ ಅದು ಚೆನ್ನಾಗಿ ತೆಳುವಾಗುತ್ತದೆ, ಬೋರ್‌ವೆಲ್ ಪಾಲು ಹೆಚ್ಚಿದ್ದರೆ ಅಷ್ಟಾಗಿ ಆಗುವುದಿಲ್ಲ. ಕೆಸರು ಗೊಬ್ಬರವಾಗಿ ಹೊಲಕ್ಕೂ ಹೋಗುತ್ತದೆ. ಅಮೆರಿಕದಲ್ಲಿ ದೇಶದ ಒಳಚರಂಡಿ ಕೆಸರಿನ ವಿಕಿರಣವನ್ನು ಅಳೆದು 2003ರಲ್ಲೇ ವರದಿ ಕೊಟ್ಟರು, ಹೆಚ್ಚಿನ ಕಡೆ ಗಾಬರಿಪಡುವಂಥದ್ದಿಲ್ಲ ಎಂಬ ಸಮಾಧಾನ ಅವರಿಗೆ ಅಳೆದ ಮೇಲೆ ಸಿಕ್ಕಿತು. ಮೊದಲೇ ಯುರೇನಿಯಂ ಹೆಚ್ಚಿರುವ ಕಲ್ಲಿನ ಮೇಲೆ ಬದುಕುವ ಕೋಲಾರದವರಿಗೂ ಅಂಥ ಸಮಾಧಾನ ಪಡೆಯುವ ಹಕ್ಕಿದೆ. ಅವರ ಕೆರೆಗೆ ಹೋಗುವ ನೀರಿನ ಮಾಸಿಕ ಪರೀಕ್ಷೆಯ ಪಟ್ಟಿಯಲ್ಲಿ ಯುರೇನಿಯಂ ಒಂದು ಸಾಲಾಗಿ ಸೇರಬೇಕು, ಫಲಿತಾಂಶವನ್ನು ಕನ್ನಡದಲ್ಲಿ ಆಯಾ ಪಂಚಾಯಿತಿಯ ಗೋಡೆಯ ಮೇಲೆ ಹಾಕಬೇಕು. ಈ ಒತ್ತಾಯವನ್ನು ಕೋಲಾರದವರಿಗಿಂತ ಮೊದಲು ನಾವು, ನೀರು ಕಳಿಸುವವರು, ಮಾಡಬೇಕು.

ಕೊನೆಯದಾಗಿ, ಇಲ್ಲಿರುವ ಸಂಘಗಳ ಪದಾಧಿಕಾರಿಗಳಿಗೆ ಮಾಡಬಹುದಾದ ಕೆಲಸವೊಂದನ್ನು ಹೇಳುತ್ತೇನೆ. ಮೂರು ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ಬೋರ್‌ವೆಲ್ ಅಥವಾ ಟ್ಯಾಂಕರಿನ ನೀರು, ಇನ್ನೊಂದರಲ್ಲಿ ಆರ್‌ಒ ಆದ ಮೇಲಿನ ನೀರು, ಮೂರನೆಯದರಲ್ಲಿ ರಿಜೆಕ್ಟ್ ಪೈಪಿನದು. ಮೋಟಾರ್ ಹತ್ತು ಹದಿನೈದು ನಿಮಿಷ ಓಡಿದ ಮೇಲೆ ಹಿಡಿಯಿರಿ, ಪಂಪಿನಲ್ಲಿ ರಾತ್ರಿಯಿಡೀ ನಿಂತಿದ್ದ ನೀರು ಬೇಡ. ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿ. ಮೇಲೆ ದಿನಾಂಕ, ಬೋರ್‌ವೆಲ್ಲಿನ ಆಳ, ಟ್ಯಾಂಕರಾದರೆ ನೀರು ತುಂಬಿಸಿದ ಜಾಗ ಬರೆಯಿರಿ. ಲೋಹಪರೀಕ್ಷೆಗೆ ಆಮ್ಲ ಹಾಕಿ ಇಡಬೇಕಾಗುತ್ತದೆ, ಅದನ್ನು ಪ್ರಯೋಗಾಲಯದವರನ್ನೇ ಕೇಳಿ ಮಾಡಿಸಿ. ಟಿಡಿಎಸ್, ಗಡಸುತನ, ಕ್ಲೋರೈಡ್ ಎಂಬ ಮಾಮೂಲು ಪಟ್ಟಿಯ ಕೆಳಗೆ ಯುರೇನಿಯಂ ಎಂದು ನೀವೇ ಕೈಯಿಂದ ಬರೆದು ಸೇರಿಸಿ. ಕೇಳದಿದ್ದರೆ ಅವರು ಅಳೆಯುವುದಿಲ್ಲ. ಏಪ್ರಿಲ್ ಕೊನೆಯಲ್ಲಿ, ನೀರು ತಳ ಕಂಡಿರುವಾಗ ಒಂದು ಸಲ, ಮಳೆ ಮುಗಿದು ನವೆಂಬರ್ ಬಂದಾಗ ಇನ್ನೊಂದು ಸಲ. ಟ್ಯಾಂಕರ್ ಗುತ್ತಿಗೆಯನ್ನೂ ಆರ್‌ಒ ನಿರ್ವಹಣೆಯ ಗುತ್ತಿಗೆಯನ್ನೂ ನವೀಕರಿಸುವ ಸಭೆಯಲ್ಲಿ ಆ ಮೂರೂ ಬಾಟಲಿಗಳ ಅಂಕಿಗಳು ಮೇಜಿನ ಮೇಲಿರಲಿ. ಮೂರನೆಯದು ಮಿತಿ ಮೀರಿದ್ದರೆ ಅದನ್ನು ಮೋರಿಗೆ ಬಿಡುವ ಬದಲು ಏನು ಮಾಡಬೇಕೆಂದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅದೇ ಸಭೆಯಿಂದ ಪತ್ರ ಹೋಗಲಿ. ಪತ್ರ ಬರೆದುಕೊಡಲು ನಾನು ಸಿದ್ಧನಿದ್ದೇನೆ.